ಕೌದಿಗೊಂದು ಕಾಜಾ

ಕತ್ತರಿಸಿದವನಿಗೆ ಚೂರು. ನಮ್ಮ ಹೊಲಿಗೆ ಕಸುಬಿನಲ್ಲಿ ಇದನ್ನು ಯಾರೂ ಗೋಡೆಗೆ ಬರೆದು ಅಂಟಿಸಿಲ್ಲ, ಆದರೆ ಯಾರೂ ಮೀರುವುದಿಲ್ಲ. ಬಟ್ಟೆಯ ಮೇಲೆ ಗೆರೆ ಎಳೆದು ಕತ್ತರಿ ಹಾಕುವವನು ಕಟಿಂಗ್ ಮಾಸ್ಟರ್. ಅವನ ಮೇಜಿನ ಕೆಳಗೆ ಬಿದ್ದ ಚೂರುಗಳೆಲ್ಲ ಅವನವು. ಗೋಣಿಗೆ ತುಂಬಿ ಮಾರಲಿ, ಒಲೆಗೆ ಹಾಕಲಿ, ಕೇಳುವ ಹಕ್ಕು ಅಂಗಡಿಯ ಧಣಿಗೂ ಇಲ್ಲ. ನಾನು ಕಟಿಂಗ್ ಮಾಸ್ಟರ್. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಕತ್ತರಿ ಹಿಡಿದವನು ಇನ್ನೂ ಕೆಳಗಿಟ್ಟಿಲ್ಲ. ಆದರೂ ನನ್ನ ಚೂರುಗಳು ವರ್ಷಗಟ್ಟಲೆ ಇನ್ನೊಬ್ಬನ ಮನೆ ಸೇರಿದವು. ಸೇರಿಸಿದವನು ಧಣಿ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಆ ಇನ್ನೊಬ್ಬ ನಮ್ಮ ಅಂಗಡಿಯ ಕಾಜಣ್ಣ. ಅಂಗಿಯಲ್ಲಿ ಗುಂಡಿ ತೂರಿಸುವ ಸೀಳು ಇರುತ್ತದಲ್ಲ, ಅದಕ್ಕೆ ನಾವು ಕಾಜಾ ಎನ್ನುತ್ತೇವೆ. ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಕೈಯಲ್ಲಿ ಹೊಲಿಯುತ್ತಿದ್ದವನಿಗೆ ಆ ಹೆಸರೇ ನಿಂತಿತು. ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಒಂದು ದಿನ ಗಂಡನಿಗೆ ಊಟದ ಡಬ್ಬಿ ಕೊಡಲು ಬಂದವಳು ನನ್ನ ಮೇಜಿನ ಕೆಳಗೆ ಬಗ್ಗಿ ನೋಡಿದಳು.

“ಇಷ್ಟೊಂದು ಬಟ್ಟೇನ ಏನ್ ಮಾಡ್ತೀಯಪ್ಪಾ?”

“ಮಾರ್ತೀನಿ ಅತ್ತಿಗೆ. ಗಾಡಿ ರಿಪೇರಿಯೋರು ತಗೋತಾರೆ.”

“ಅಯ್ಯೋ, ಇಂಥ ಬಟ್ಟೇಲಿ ಎಣ್ಣೆ ಒರೆಸೋದಾ? ನಂಗೆ ಕೊಡು. ವರ್ಷ ತುಂಬೋದ್ರೊಳಗೆ ನಿಂಗೊಂದು ಕೌದಿ ಹೊಲ್ದು ಕೊಡ್ತೀನಿ.”

ನಾನು ಬಾಯಿ ತೆರೆಯುವ ಮೊದಲೇ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಧಣಿ, “ಕೊಡಯ್ಯ, ಹೆಣ್ಣುಮಗಳು ಬಾಯಿಬಿಟ್ಟು ಕೇಳ್ತಿದ್ದಾಳೆ. ಇನ್ಮೇಲೆ ಎಲ್ಲಾ ಅವಳಿಗೇ” ಎಂದ. ಅತ್ತೆಯ ಧನವನ್ನು ಅಳಿಯ ದಾನ ಮಾಡಿದ ಹಾಗೆ. ಅವತ್ತಿನಿಂದ ವಾರಕ್ಕೊಂದು ಗಂಟು ಚೂರು ಅವಳ ಮನೆಗೆ ಹೋಯಿತು. ವರ್ಷ ತುಂಬಿತು, ಇನ್ನೊಂದು ತುಂಬಿತು. ಕೌದಿ ಬರಲಿಲ್ಲ.

ಅಂಗಡಿಯ ಹಿಂಬಾಗಿಲ ಪಕ್ಕ ಒಂದು ಮೋಟು ಸ್ಟೂಲು, ಅದೇ ಕಾಜಣ್ಣನ ಜಾಗ. ಮಾಡಿನ ಗಾಜಿನ ಹೆಂಚಿನಿಂದ ಬೀಳುವ ಬೆಳಕು ಸರಿದ ಹಾಗೆಲ್ಲ ಸ್ಟೂಲೂ ಸರಿಯುತ್ತಿತ್ತು. ಬೆಳಿಗ್ಗೆ ನೀರಿನ ಹೂಜಿಯ ಬಳಿ ಇದ್ದವನು ಸಂಜೆಗೆ ಇಸ್ತ್ರಿ ಮೇಜಿನ ಕಾಲ ಬುಡಕ್ಕೆ ಬಂದಿರುತ್ತಿದ್ದ. ನಾನು ಅಂಗಿಯ ಎದೆಪಟ್ಟಿಯ ಮೇಲೆ ಮೇಣದ ಸುಣ್ಣದಿಂದ ಒಂದೊಂದು ಅಡ್ಡಗೆರೆ ಹಾಕಿ ಕಳಿಸುತ್ತಿದ್ದೆ. ಗೆರೆ ಇದ್ದಲ್ಲಿ ಕಾಜಾ. ಅವನು ಪಟ್ಟಿಯನ್ನು ಗೆರೆಯ ಮೇಲೆ ಮಡಿಸಿ, ಸಣ್ಣ ಕತ್ತರಿಯಿಂದ ಚಕ್ ಎಂದು ಸೀಳಿ, ಸೀಳಿನ ಸುತ್ತ ಒತ್ತೊತ್ತಾಗಿ ಗಂಟು ಹೊಲಿಗೆ ಹಾಕುತ್ತಿದ್ದ. ಗೆರೆ ಕಂಡರೆ ಸೀಳು, ನಡುವೆ ಯೋಚನೆ ಎನ್ನುವುದಿಲ್ಲ. ಅವನು ಮಾತಾಡುತ್ತಿದ್ದರೂ, ನಗುತ್ತಿದ್ದರೂ, ನನ್ನಿಂದ ಬೈಸಿಕೊಳ್ಳುತ್ತಿದ್ದರೂ ಕೈ ಮಾತ್ರ ತನ್ನ ಪಾಡಿಗೆ ತಾನು ಗೆರೆ ಹುಡುಕಿಕೊಂಡು ಹೋಗುತ್ತಿತ್ತು. ಕಾಜಾ ಮಾಡಿದ ಕೈಯೇ ಗುಂಡಿಯನ್ನೂ ಹಾಕಬೇಕು, ಅದು ನಮ್ಮಲ್ಲಿ ಇನ್ನೊಂದು ಕಟ್ಟಳೆ. ಸೀಳಿನೊಳಗಿಂದ ಸೂಜಿ ತೂರಿಸಿ ಗುಂಡಿಯ ಜಾಗ ಹಿಡಿಯುವುದು. ನಡುವೆ ಕೈ ಬದಲಾದರೆ ಅಂಗಿ ಮೈಮೇಲೆ ಸೊಟ್ಟಗೆ ನಿಲ್ಲುತ್ತದೆ.

“ಏನೋ ಕತ್ತರಿ, ಇವತ್ತು ಯಾರ ತಲೆ ತೆಗೆದೆ?” ಎಂದೇ ಅವನು ದಿನ ಶುರುಮಾಡುತ್ತಿದ್ದ. ನನಗೆ ಕತ್ತರಿ ಎಂದು ಹೆಸರಿಟ್ಟವನು ಅವನೇ. ಕೈಯಲ್ಲಿರುವ ಕತ್ತರಿಯಿಂದಲ್ಲ, ಬಾಯಲ್ಲಿರುವುದರಿಂದ. ನನ್ನ ಬಾಯಿ ತಾಳಲಾರದೆ ನನ್ನ ಹೆಂಡತಿ ತನ್ನ ಅಣ್ಣನ ಮನೆ ಸೇರಿ ಬಹಳ ಕಾಲವಾಗಿತ್ತು. ಅಂಗಡಿಯಲ್ಲಿ ಎಲ್ಲರೂ ನನ್ನೊಡನೆ ಅಳೆದು ತೂಗಿ ಮಾತಾಡುತ್ತಿದ್ದರು. ಕಾಜಣ್ಣ ಒಬ್ಬನೇ ಅಳತೆ ಮೀರಿ ಮಾತಾಡುತ್ತಿದ್ದವನು.

“ನನ್ನ ಕೌದಿ ಎಲ್ಲಿ?” ಎಂದು ನಾನು ಕೇಳುತ್ತಿದ್ದೆ.

“ಅವಳ ಪಾಲು ಮುಗೀತು. ನನ್ನ ಪಾಲು ಬಾಕಿ.”

“ನಿನ್ನ ಪಾಲು ಯಾವಾಗ ಮುಗಿಯುತ್ತೆ?”

“ನಿನ್ನ ಕೋಪ ಮುಗಿದ ಮಾರನೇ ದಿನ.”

ಅವರ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಅಡುಗೆ, ಒಂದರಲ್ಲಿ ಉಳಿದದ್ದೆಲ್ಲ. ಕಿಟಕಿಯ ಕೆಳಗೆ ಅತ್ತಿಗೆಯ ಕೈ ಮೆಷಿನ್ನು. ಅವಳು ಚೂರಿಗೆ ಚೂರು ಜೋಡಿಸಿ ಕೌದಿಯ ಮೇಲ್ಮೈ ಹೊಲಿಯುತ್ತಿದ್ದಳು. ಅದರಡಿಗೆ ಹಳೆಯ ಬಟ್ಟೆಯ ಎರಡು ಪದರ ಇಟ್ಟು, ಮೂರನ್ನೂ ಸೇರಿಸಿ ಕೈಹೊಲಿಗೆ ಹಾಕಿ, ಸುತ್ತ ಅಂಚು ಕಟ್ಟುವುದು ಅವನ ಪಾಲು. ದಪ್ಪ ಪದರಕ್ಕೆ ಸೂಜಿ ಇಳಿಸಲು ಅವನ ಬೆರಳಿನ ಬಲವೇ ಬೇಕು ಎಂದು ಮದುವೆಯಾದ ಹೊಸದರಲ್ಲಿ ಅವರಿಬ್ಬರೂ ಮಾಡಿಕೊಂಡ ಏರ್ಪಾಟು. ಅವಳು ದೊಡ್ಡದಕ್ಕೆ ಕೈ ಹಾಕುತ್ತಿರಲಿಲ್ಲ. ತೊಟ್ಟಿಲಿಗೆ ಹಾಕುವಂಥದ್ದು, ಕುರ್ಚಿಗೆ ಹಾಕುವಂಥದ್ದು, ಮಡಿಲ ಮೇಲೆ ಹೊದೆಯುವಂಥದ್ದು, ಎಲ್ಲ ಸಣ್ಣವು. ಒಂದು ಮುಗಿಸಿದಳೆಂದರೆ ಬೀದಿಯಲ್ಲಿ ಸಿಕ್ಕ ಯಾರಿಗೋ “ನಿಮಗೆ ಕೊಡ್ತೀನಿ” ಎಂದು ಮಾತು ಕೊಟ್ಟುಬಿಡುತ್ತಿದ್ದಳು. ಆಮೇಲೆ ಅದು ಟ್ರಂಕು ಸೇರುತ್ತಿತ್ತು, ಅವನ ಪಾಲಿಗಾಗಿ ಕಾಯಲು.

“ಊರಿಗೆಲ್ಲ ಗುಂಡಿ ಹಾಕ್ತೀರಿ, ಮನೆಗೆ ಬಂದ್ರೆ ಕೈ ಬಿದ್ದುಹೋಗುತ್ತಾ?” ಎಂದು ನನ್ನೆದುರಿಗೇ ಅವಳು ಅವನನ್ನು ಕೇಳಿದ್ದುಂಟು.

“ನೋಡೋ ಕತ್ತರಿ,” ಎಂದು ಅವನು ನನ್ನ ಕಡೆ ತಿರುಗಿದ. “ಇಡೀ ದಿನ ಸೂಜಿ ಹಿಡಿದು ಮನೆಗೆ ಬಂದ್ರೆ ಇವಳು ಬಾಗಿಲಲ್ಲೇ ಸೂಜಿ ಹಿಡ್ಕೊಂಡು ನಿಂತಿರ್ತಾಳೆ. ಮಿಠಾಯಿ ಅಂಗಡಿಯವನಿಗೆ ಸಕ್ಕರೆ ತಿನ್ಸೋಕೆ ಬಂದಂಗೆ.”

“ಆಯ್ತು ಬಿಡಿ. ನಾನು ಹೋದ್ಮೇಲೆ ಹೊಲಿಯೋರಂತೆ.”

ಅವಳು ತಮಾಷೆಗೆ ಅಂದದ್ದು. ಹೋದದ್ದು ಮಾತ್ರ ನಿಜವಾಗಿ. ಜ್ವರವೆಂದು ಮಲಗಿದವಳು ಆ ವಾರ ದಾಟಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಬಂದ ನಾಲ್ಕು ಜನ ಹೋದ ಮೇಲೆ ಕೂರಲು ಜಾಗ ಕಾಣದೆ ನಾನು ಒಂದು ಟ್ರಂಕಿನ ಮೇಲೆ ಕುಳಿತೆ. “ಅದರ ಮೇಲೆ ಕೂರಬೇಡ್ವೋ” ಎಂದ ಕಾಜಣ್ಣ. ಎದ್ದು ನೆಲದ ಮೇಲೆ ಕುಳಿತೆ.

ಆಮೇಲೂ ಅವನು ಆ ಟ್ರಂಕು ತೆಗೆಯಲಿಲ್ಲ. ಅಂಗಡಿಗೆ ಬಂದ, ಸ್ಟೂಲು ಸರಿಸಿದ, ಕಾಜಾ ಮಾಡಿದ. ಡಬ್ಬಿ ಮಾತ್ರ ಬರುತ್ತಿರಲಿಲ್ಲ. ಮಧ್ಯಾಹ್ನ ನಾವಿಬ್ಬರೂ ಎದುರಿನ ಹೋಟೆಲಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ, ಗೋಡೆಗೆ ಮುಖ ಮಾಡಿದ ಬೆಂಚಿನ ಮೇಲೆ ತಿನ್ನುತ್ತಿದ್ದೆವು.

ಅಷ್ಟರಲ್ಲಿ ಧಣಿ ಕಾಜಾ ಮಾಡುವ ಮೆಷಿನ್ನು ತರಿಸಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಹಾಗೆ. ಅವನ ಕೈ ಒಂದು ದಿನಕ್ಕೆ ಮಾಡುತ್ತಿದ್ದುದನ್ನು ಅದು ಟೀ ಆರುವಷ್ಟರಲ್ಲಿ ಉಗುಳುತ್ತಿತ್ತು. ಕೆಲಸ ಬಿಡು ಎಂದು ಧಣಿ ಬಾಯಿಬಿಟ್ಟು ಹೇಳಲಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಸ್ಟೂಲು ಅಟ್ಟದ ಮೇಲಿತ್ತು, ಹೂಜಿಯ ಪಕ್ಕ ಮೆಷಿನ್ನಿತ್ತು. ಕಾಜಣ್ಣ ಅಟ್ಟವನ್ನು ನೋಡಿದ, ಮೆಷಿನ್ನನ್ನು ನೋಡಿದ, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಟೊಪ್ಪಿಗೆಯನ್ನು ಜೇಬಿಗೆ ಹಾಕಿಕೊಂಡ. ನಾನು ಮೇಜಿನ ಮೇಲಿದ್ದ ಕತ್ತರಿ ತೆಗೆದು ನೆಲಕ್ಕೆ ಅಪ್ಪಳಿಸಿದೆ. ಧಣಿಯ ಹೆಸರು ಹಿಡಿದು ಬೈದೆ. ಬೀದಿಯವರೆಲ್ಲ ಬಂದು ಇಣುಕಿದರು.

“ಸಾಕು ಸುಮ್ನಿರೋ,” ಎಂದು ಕಾಜಣ್ಣನೇ ನನ್ನ ರಟ್ಟೆ ಹಿಡಿದ. “ನೀನೂ ಮನೇಲಿ ಕೂತ್ರೆ ನಂಗೆ ಟೀ ಕುಡಿಸೋರು ಯಾರು?”

ಕತ್ತರಿಯ ತುದಿ ಮುರಿದಿತ್ತು. ಇನ್ನೂ ಅದರಲ್ಲೇ ಕೆಲಸ ಮಾಡುತ್ತಿದ್ದೇನೆ.

ಅವನಿಗೆ ಟೀ ಕುಡಿಸಲೆಂದು ನಾನು ರಜೆಯ ದಿನ ಮೇಲಿನ ಕೋಣೆಗೆ ಹೋಗತೊಡಗಿದೆ. ಅಂಥ ಒಂದು ದಿನ ಅವನೇ ಲೋಟಕ್ಕೆ ಟೀ ಬಗ್ಗಿಸುವಾಗ ಅರ್ಧ ತಟ್ಟೆಗೆ ಬಿತ್ತು. ಅವನ ಬಲಗೈ ಗಾಳಿಗೆ ಸಿಕ್ಕ ಕಾಗದದ ಹಾಗೆ ನಡುಗುತ್ತಿತ್ತು. ಡಾಕ್ಟರ ಬಳಿ ಎಳೆದುಕೊಂಡು ಹೋದೆ. ಇದು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ, ಮಾತ್ರೆಯಿಂದ ಸ್ವಲ್ಪ ತಡೆಯಬಹುದು ಎಂದರು. ಒಳ್ಳೆಯವರು, ನಿಧಾನವಾಗಿ ಹೇಳಿದರು. ಕಾಜಣ್ಣ ಮನೆಗೆ ಬಂದವನೇ ಟ್ರಂಕಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಮುಚ್ಚಳ ತೆಗೆದ.

ಒಳಗೆ ನನ್ನ ಅಂಗಡಿಯೇ ಇತ್ತು. ನಾನು ಕತ್ತರಿಸಿದ ಒಂದೊಂದು ಅಂಗಿಯೂ ಅಲ್ಲಿತ್ತು. ಬ್ಯಾಂಕಿನವರ ತಿಳಿನೀಲಿ ಗೆರೆ, ಮದುವೆ ಹೆಣ್ಣುಗಳ ರವಿಕೆಯ ಚೂರು, ಪರದೆಯ ಹೂವು, ಶಾಲೆ ಮಕ್ಕಳ ಕಂದುಬಣ್ಣ. ಅಂಚಿಲ್ಲದೆ, ಪದರವಿಲ್ಲದೆ, ಬರೀ ಮೇಲ್ಮೈಗಳು ಮಡಿಸಿ ಒಂದರ ಮೇಲೊಂದು ಕುತ್ತಿಗೆಮಟ್ಟ ತುಂಬಿದ್ದವು.

“ಕೈ ಪೂರ್ತಿ ಹೋಗೋದ್ರೊಳಗೆ ಇವನ್ನ ಮುಗಿಸ್ಬೇಕು ಕಣೋ,” ಎಂದ. “ಅವಳು ತನ್ನ ಪಾಲು ಮಾಡಿ ಇಟ್ಟು ಹೋಗಿದ್ದಾಳೆ.”

“ನಮ್ಮ ಹುಡುಗರ ಹತ್ರ ಕೊಡು. ಮೆಷಿನ್ನಲ್ಲಿ ಒಂದು ದಿನದ ಕೆಲಸ.”

“ಬೇರೆ ಕೈ ಆಗೋ ಹಾಗಿದ್ರೆ ಅವಳು ನನ್ನ ಯಾಕೆ ಕಟ್ಕೋತಿದ್ಲು?”

“ಇಷ್ಟು ದಿನ ಏನು ಕತ್ತೆ ಕಾಯ್ತಿದ್ಯಾ?”

“ಹೂಂ,” ಎಂದ. “ನಿನ್ನನ್ನೇ.”

ಹೀಗೆ ಶುರುವಾಯಿತು. ಹೊಲಿಯುವುದು ಹೇಗೋ ನಡೆಯುತ್ತಿತ್ತು. ಎಡಗೈಯಿಂದ ಬಲ ಮಣಿಕಟ್ಟನ್ನು ತೊಡೆಗೆ ಒತ್ತಿಹಿಡಿದು, ನಡುಕ ಒಂದು ಕ್ಷಣ ನಿಂತಾಗ ಸೂಜಿ ಇಳಿಸುತ್ತಿದ್ದ. ಆಗದಿದ್ದದ್ದು ಸೂಜಿಗೆ ದಾರ ಪೋಣಿಸುವುದು. ಸೂಜಿಯ ಕಣ್ಣು ಒಂದು ಕಡೆ, ದಾರ ಇನ್ನೊಂದು ಕಡೆ. ಆದ್ದರಿಂದ ರಜೆಯ ದಿನ ಹೋದಾಗ ನಾನು ಕಿಟಕಿಯ ಬಳಿ ಕುಳಿತು, ಮನೆಯಲ್ಲಿದ್ದ ಸೂಜಿಗಳಿಗೆಲ್ಲ ಉದ್ದುದ್ದ ದಾರ ಪೋಣಿಸಿ, ಗಂಟು ಹಾಕಿ, ಸಾಲಾಗಿ ಪರದೆಗೆ ಚುಚ್ಚಿ ಬರುತ್ತಿದ್ದೆ. ಮುಂದಿನ ರಜೆಯವರೆಗೆ ಅವನು ಒಂದೊಂದನ್ನೇ ಕಿತ್ತು ಹೊಲಿಯಬೇಕು. ದಾರ ಮುಗಿದ ಸೂಜಿಯನ್ನು ಪರದೆಯ ಇನ್ನೊಂದು ಪಕ್ಕಕ್ಕೆ ಚುಚ್ಚುತ್ತಿದ್ದ. ಬಾಗಿಲಲ್ಲಿ ನಿಂತು ಪರದೆ ನೋಡಿದರೆ ಸಾಕು, ಆ ವಾರ ಅವನ ಕೈ ಎಷ್ಟು ಮಾತು ಕೇಳಿತು ಎಂದು ನನಗೆ ಗೊತ್ತಾಗುತ್ತಿತ್ತು.

ಮುಗಿದದ್ದನ್ನು ತಲುಪಿಸುವುದೂ ಅವನ ಹಟವೇ. ಮೊದಲು ಮುಗಿದದ್ದು ತೊಟ್ಟಿಲ ಕೌದಿ. ಅತ್ತಿಗೆಯ ತಂಗಿಗೆ ಮಗು ಹುಟ್ಟಿದಾಗ ಹೊಲಿದದ್ದು. ಬಸ್ಸಿನಲ್ಲಿ ಅರ್ಧ ದಿನ ಹೋಗಿ ತಲುಪಿಸಿದೆವು. ಬಾಗಿಲು ತೆಗೆದವನಿಗೆ ಮೀಸೆ ಬಂದಿತ್ತು.

“ತಗೋಪ್ಪಾ, ನಿನ್ನ ತೊಟ್ಟಿಲಿಗೆ,” ಎಂದು ಕಾಜಣ್ಣ ಕೌದಿಯನ್ನು ಅವನ ಕೈಗಿಟ್ಟ. ಹುಡುಗ ಅದನ್ನು ಹೆಗಲ ಮೇಲೆ ಹಾಕಿಕೊಂಡು, “ಒಂದು ಭುಜಕ್ಕಾಯ್ತು ದೊಡ್ಡಪ್ಪ, ಇನ್ನೊಂದಕ್ಕೆ?” ಎಂದ. ಎಲ್ಲರೂ ನಕ್ಕರು. ಅವನ ತಾಯಿ ಮಾತ್ರ ಒಳಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ನಗು ಕಂಡ ಮನೆ ಅದೊಂದೇ.

ಉಳಿದವರಿಗೆ ನೆನಪೇ ಇರಲಿಲ್ಲ. ನಮ್ಮ ಇಸ್ತ್ರಿಯವನಿಗೆ ಸ್ಟೂಲಿನ ಮೇಲೆ ಹಾಸುವ ಮೆತ್ತೆಯೆಂದು ಅವಳು ಹೇಳಿದ್ದಳಂತೆ. ಅವನು ಇಟ್ಟುಕೊಂಡು, “ಚೆನ್ನಾಗಿದೆ” ಎಂದು ಅದರ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಇಳಿಸಿದ. ಬೀದಿಯ ಕೊನೆಯ ಮನೆಯ ಹೆಂಗಸಿಗೆ ಒಂದು ಮಡಿಲ ಕೌದಿ. ಅವಳು ಸರಪಳಿ ತೆಗೆಯದೆ ಬಾಗಿಲ ಸಂದಿಯಿಂದಲೇ ನೋಡಿದಳು.

“ಯಾವ ಕೌದಿ? ನಾನು ಹೇಳಿರಲಿಲ್ವಲ್ಲ.”

“ನೀವು ಹೇಳಿರಲಿಲ್ಲಮ್ಮ. ನಮ್ಮನೆಯವಳು ಕೊಡ್ತೀನಿ ಅಂದಿದ್ಲು. ನಿಮಗೆ ಕಾಲುನೋವು ಅಂತ.”

“ಯಾರು ನಿಮ್ಮನೆಯವಳು?”

ಆ ಬೀದಿಯಲ್ಲಿ ಇಡೀ ಬಾಳು ಕಳೆದವಳನ್ನು ಹೇಗೆ ಗುರುತು ಹೇಳುವುದು? ಕಾಜಣ್ಣ ಅವಳ ಎತ್ತರ ಹೇಳಿದ. ಕೈಚೀಲದ ಬಣ್ಣ ಹೇಳಿದ. ನನಗೆ ತಡೆಯಲಿಲ್ಲ. “ಬೇಕಾದ್ರೆ ತಗೊಳ್ಳಮ್ಮ, ಬೇಡಾಂದ್ರೆ ಬಿಡು, ನಾವೇನು ಭಿಕ್ಷೆ ಬೇಡೋಕೆ ಬಂದಿಲ್ಲ!” ಎಂದು ಕೂಗಿದೆ. ಬಾಗಿಲು ಮುಚ್ಚಿಕೊಂಡಿತು. ಕಾಜಣ್ಣ ಕೌದಿಯನ್ನು ಮಡಿಸಿ ಹೊಸ್ತಿಲ ಮೇಲಿಟ್ಟ. ಮೆಟ್ಟಿಲು ಇಳಿದು ಹಿಂದಿರುಗಿ ನೋಡಿದೆವು. ಸಂದಿಯಿಂದ ಒಂದು ಕೈ ಬಂದು ಅದನ್ನು ಒಳಗೆಳೆದುಕೊಂಡಿತು.

“ನೋಡಿದ್ಯಾ, ತಗೊಂಡ್ಲು,” ಎಂದು ಅವನು ಖುಷಿಪಟ್ಟ. ತಿರುವಿನಲ್ಲಿ ನಿಂತು, “ಅವಳು ಯಾವಾಗಲೂ ಹಸಿರು ಚೀಲ ಹಿಡಿದಿರ್ತಿದ್ಲು ಅಲ್ವೇನೋ?” ಎಂದು ಕೇಳಿದ. ಹೌದೆಂದೆ. ನನಗೆ ನೆನಪಿರಲಿಲ್ಲ.

ಟ್ರಂಕು ಅರ್ಧಕ್ಕಿಳಿಯಿತು, ಕಾಲುಭಾಗಕ್ಕಿಳಿಯಿತು. ಅಷ್ಟರಲ್ಲಿ ಶಾಲೆ ತೆರೆಯುವ ಕಾಲ ಬಂತು. ಸಮವಸ್ತ್ರದ ರಾಶಿ. ಧಣಿ ರಜೆಯನ್ನೆಲ್ಲ ನುಂಗಿದ. ಬೆಳಗ್ಗೆಯಿಂದ ದೀಪ ಹಚ್ಚುವವರೆಗೆ ನಾನು ಒಂದೇ ಬಣ್ಣದ ಬಟ್ಟೆ ಕತ್ತರಿಸಿದೆ. ಕೊನೆಗೆ ಬಿಡುವು ಸಿಕ್ಕ ದಿನ ಓಡಿದೆ. ಪರದೆಯ ಒಂದು ಪಕ್ಕ ಪೂರ್ತಿ ಬೋಳಾಗಿತ್ತು. ಕಾಜಣ್ಣ ಚಾಪೆಯ ಮೇಲೆ ಕೌದಿ ಹರಡಿಕೊಂಡು ಸುಮ್ಮನೆ ಕುಳಿತಿದ್ದ. ಅವನ ಸೂಜಿಯಲ್ಲಿ ಬೆರಳುದ್ದ ದಾರ ಉಳಿದಿತ್ತು.

“ಇಷ್ಟು ದಾರ ಇಟ್ಕೊಂಡು ಏನ್ ಮಾಡ್ತಿದೀಯ?”

“ಮುಗಿಸಿಬಿಟ್ರೆ ಸುಮ್ನೆ ಕೂರ್ಬೇಕಲ್ಲ. ಇದ್ರೆ, ಕೆಲಸದ ಮಧ್ಯೆ ಕೂತಂಗೆ.”

ಕೌದಿಯಲ್ಲಿ ಒಂದೆರಡು ಸಾಲು ಹೊಲಿಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಕೆಳಗಿನ ಸೈಕಲ್ ಅಂಗಡಿಯವನಿಂದ ಪೋಣಿಸಿಕೊಂಡು ಬಂದನಂತೆ. ಅವನ ಬೆರಳಿನ ಗ್ರೀಸು ದಾರಕ್ಕೆ ಹತ್ತಿ, ತೊಳೆದರೂ ಹೋಗಿರಲಿಲ್ಲ. “ಅವನಿಗೆ ಪಾಪ ಎಷ್ಟು ಸಲ ತೊಂದ್ರೆ ಕೊಡೋದು” ಎಂದು ಆಮೇಲೆ ಕೇಳಿರಲಿಲ್ಲ. ನಾನು ಧಣಿಯನ್ನು ಅವನ ಮೂರು ತಲೆಮಾರು ಸಮೇತ ಬೈಯುತ್ತ ಪರದೆ ತುಂಬ ಸೂಜಿ ಚುಚ್ಚಿದೆ. ನಾನು ಬೈಯುತ್ತಿದ್ದಷ್ಟು ಹೊತ್ತೂ ಅವನ ಮುಖದಲ್ಲಿ, ರೇಡಿಯೋ ಮತ್ತೆ ಹಾಡತೊಡಗಿದ ಮನೆಯವರ ಕಳೆಯಿತ್ತು.

ಟ್ರಂಕಿನ ತಳದಲ್ಲಿ ಕೊನೆಯದು ಸಿಕ್ಕಿತು. ನನ್ನದು. ಅವಳು ವರ್ಷದೊಳಗೆ ಕೊಡುತ್ತೇನೆಂದದ್ದು. ಬಿಡಿಸಿದರೆ ಮೊಳಕಾಲಿನ ಕೆಳಗೆ ಬರುವುದಿಲ್ಲ.

“ಇಷ್ಟು ಚೂರು ತಗೊಂಡು ಇಷ್ಟೇನಾ?”

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದಿದ್ದಾರೆ. ನೀನು ಕಾಲು ಮಡಿಚ್ಕೋ.”

ಆದರೆ ಜೋಡಣೆ ಕಣ್ಣಿಗೆ ಬಿದ್ದೊಡನೆ ನಾನು ಅದನ್ನು ಬೆಳಕಿಗೆ ಹಿಡಿದೆ. ಪರದೆಯ ಹೂವಿಲ್ಲ, ರವಿಕೆಯ ಮಿಂಚಿಲ್ಲ. ಬರೀ ಗಂಡಸರ ಅಂಗಿಯ ಬಟ್ಟೆ, ತಿಳಿಯಿಂದ ಗಾಢಕ್ಕೆ ಹೋಗುವ ನೀಲಿ, ಒಂದೊಂದನ್ನೂ ಆರಿಸಿ ಇಟ್ಟದ್ದು. ಒಂದು ಬದಿಯ ಅಂಚಿಗೆ ಹತ್ತಿರ ಒಂದು ಉದ್ದನೆಯ ಪಟ್ಟಿ. ಅದನ್ನು ನೋಡಿದೊಡನೆ ಗುರುತು ಸಿಕ್ಕಿತು. ಯಾವುದೋ ಅಂಗಿಗೆ ಅಳತೆ ತಪ್ಪಿ ಕತ್ತರಿಸಿ, ಸಿಟ್ಟಿನಲ್ಲಿ ಮೇಜಿನ ಕೆಳಗೆ ಎಸೆದ ಎದೆಪಟ್ಟಿ. ಉದ್ದ ಸಾಲದೆಂದು ಗೊತ್ತಾಗುವಾಗ ಕಾಜಾದ ಮೊದಲ ಗೆರೆ ಹಾಕಿಯಾಗಿತ್ತು. ನಾನು ಬಳಸುವ ಮೇಣದ ಸುಣ್ಣ ಇಸ್ತ್ರಿಯ ಬಿಸಿ ತಾಗದೆ ಹೋಗುವುದಿಲ್ಲ. ಅಷ್ಟು ವರ್ಷ ಟ್ರಂಕಿನಲ್ಲಿದ್ದರೂ ಗೆರೆ ಹಾಗೇ ಇತ್ತು.

ಕಾಜಣ್ಣ ಅದನ್ನು ಉಳಿದೆಲ್ಲಕ್ಕಿಂತ ನಿಧಾನವಾಗಿ ಹೊಲಿದ. ಕೈ ಬಹಳ ಕೆಟ್ಟಿತ್ತು. ಹಗಲಿಗೆ ಒಂದು ಗೇಣು ಸಾಗಿದರೆ ಹೆಚ್ಚು. ಪದರ ಕೂಡಿತು, ಅಡ್ಡಸಾಲುಗಳು ಬಂದವು, ಅಂಚು ಮೂರು ಬದಿ ಮುಗಿಯಿತು. ನಾಲ್ಕನೆಯ ಬದಿ ಕಟ್ಟುವ ದಿನ ನಾನು ಅಲ್ಲೇ ಕಿಟಕಿಯ ಬಳಿ ಸೂಜಿಗೆ ದಾರ ಪೋಣಿಸುತ್ತಿದ್ದೆ. ಹೊಸ ಮೆಷಿನ್ನು ಒಂದು ಒಳ್ಳೆಯ ಅಂಗಿಯನ್ನು ಅಗಿದು ಹಾಕಿದ ಕತೆ ಹೇಳುತ್ತಿದ್ದೆ. ಅವನು ನಗುತ್ತಿದ್ದ.

ಚಕ್.

ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಅದು ದಾರ ಕತ್ತರಿಸಿದ ಸದ್ದಲ್ಲ. ತಿರುಗಿ ನೋಡಿದೆ. ದಾರದ ತುದಿ ತೆಗೆಯಲೆಂದು ಎತ್ತಿಕೊಂಡ ಸಣ್ಣ ಕತ್ತರಿ ಅವನ ಕೈಯಲ್ಲಿತ್ತು. ಕೌದಿ ಗೆರೆಯ ಮೇಲೆ ಮಡಿಚಿತ್ತು. ಬಿಡಿಸಿದರೆ ಎದೆಪಟ್ಟಿಯ ಮೇಲೆ, ನನ್ನ ಸುಣ್ಣದ ಗೆರೆ ಇದ್ದಲ್ಲಿ, ಮೂರೂ ಪದರಗಳ ಮೂಲಕ ಅಚ್ಚುಕಟ್ಟಾದ ಒಂದು ಸೀಳು. ಬೆಳಕು ಅದರೊಳಗಿಂದ ಚಾಪೆಯ ಮೇಲೆ ಬಿತ್ತು.

ನಾವಿಬ್ಬರೂ ಅದನ್ನೇ ನೋಡಿದೆವು. ಅವನು ಸೀಳಿನ ಎರಡೂ ಅಂಚನ್ನು ಬೆರಳಿನಿಂದ ಕೂಡಿಸಿ ಹಿಡಿದ.

“ಅವಳು ಹೊಲಿದದ್ದು,” ಎಂದ. “ಅವಳು ಹೊಲಿದದ್ದನ್ನ ನಾನು ಕತ್ತರಿಸಿಬಿಟ್ಟೆನಲ್ಲೋ.”

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಬರುವುದು ಒಂದೇ. “ಮುದಿಯಾ, ಕಣ್ಣಿಲ್ವಾ ನಿಂಗೆ! ಕೌದಿಗೆ ಯಾರಾದ್ರೂ ಕಾಜಾ ಹಾಕ್ತಾರೇನೋ?”

ಅವನು ತಲೆಯೆತ್ತಿದ. ಕಣ್ಣಿನಲ್ಲಿ ಅಂಗಡಿಯ ಕಾಲದ ಕಿಡಿ ಬಂತು. “ಗೆರೆ ಹಾಕಿದ್ದು ಯಾರು?”

“ಯಾವ ಕಾಲದ ಗೆರೆ ಅದು!”

“ಗೆರೆಗೆ ಕಾಲ ಇದ್ಯಾ? ಮಾಸ್ಟರ್ ಗೆರೆ ಹಾಕಿದ್ರೆ ಕಾಜಾದವನು ಸೀಳ್ಬೇಕು. ತಪ್ಪು ನಿಂದು.”

“ನಂದಾ?”

“ನಿಂದೇ. ಈಗ ಬಾಯಿ ಮುಚ್ಕೊಂಡು ದಾರ ಪೋಣಿಸು. ಜೋಡಿ ದಾರ. ನೀಲಿ.”

ನಾನು ಪೋಣಿಸಿಕೊಟ್ಟೆ. ಅವನು ಗೋಡೆಗೆ ಬೆನ್ನು ಕೊಟ್ಟು, ಮಣಿಕಟ್ಟನ್ನು ಮೊಣಕಾಲಿಗೆ ಒತ್ತಿ, ಆ ಸೀಳಿನ ಸುತ್ತ ಗಂಟು ಹೊಲಿಗೆ ಹಾಕತೊಡಗಿದ. ಅಂಗಡಿಯಲ್ಲಿ ಒಂದು ಕಾಜಾ ಮುಗಿಸಲು ಅವನಿಗೆ ಒಂದು ಕತೆಯಷ್ಟೂ ಹೊತ್ತು ಬೇಕಾಗಿರಲಿಲ್ಲ. ಅವತ್ತು ಬಿಸಿಲು ಕಿಟಕಿಯಿಂದ ಇಳಿದು, ಚಾಪೆ ದಾಟಿ, ಎದುರು ಗೋಡೆ ಹತ್ತಿತು. ಅವನು ಬೆಳಕಿನ ಹಿಂದೆ ಕೂತಲ್ಲೇ ಜರುಗಿದ. ಕೊನೆಯ ಗಂಟು ಹಾಕಿ ಅವನು ನನ್ನ ಕಡೆ ಚಾಚಿದ. ಒಂದು ತುದಿಯಲ್ಲಿ ಎರಡು ಹೊಲಿಗೆ ಕೊಂಚ ದೂರವಾಗಿದ್ದವು. ಉಳಿದದ್ದನ್ನು ಯಾವ ಮೆಷಿನ್ನೂ ಹಾಗೆ ಮಾಡಲಾರದು.

“ಹೊದ್ಕೊಂಡು ನೋಡು. ಹೆಗಲ ಮೇಲೆ.”

ಹೊದ್ದುಕೊಂಡೆ. ಕಾಜಾ ಎಡಗಡೆ ಕತ್ತಿನ ಕೆಳಗೆ ಬಂತು.

“ಈ ಕಡೆ ಅಂಚಿಗೆ ಒಂದು ಗುಂಡಿ ಹಾಕಿದ್ರೆ ಆಯ್ತು. ಮಲಗಿದ್ರೂ ಜಾರಲ್ಲ,” ಎಂದ. “ಒಬ್ಬನೇ ಇರೋನಿಗೆ ಹೊದಿಕೆ ಜಾರಿದ್ರೆ ಎಳೆಯೋರು ಯಾರು?”

ಅವನು ನನ್ನನ್ನು ಕುರಿತು ಹೇಳಿದನೋ ತನ್ನನ್ನೋ, ತಿಳಿಯಲಿಲ್ಲ.

“ಗೆರೆ ನಿಂದು, ಕಾಜಾ ನಂದು. ಗುಂಡಿ ನೀನೇ ತರ್ಬೇಕು. ತಂದ್ರೆ ನಾನು ಹಾಕ್ತೀನಿ. ಅಲ್ಲೀವರೆಗೆ ಕೌದಿ ಇಲ್ಲೇ ಇರುತ್ತೆ. ಕೆಲಸ ಮುಗಿಯದೆ ಮಾಲು ಕೊಡೋ ಪದ್ಧತಿ ನಮ್ಮಲ್ಲಿಲ್ಲ.”

ಗುಂಡಿಗೇನು ಬರ? ಮುಂದಿನ ರಜೆಗೆ ಅಂಗಡಿಯಿಂದ ಒಂದು ತಂದೆ. ಅವನು ಬೆಳಕಿಗೆ ಹಿಡಿದು ನೋಡಿದ. “ಇದು ಪ್ಯಾಂಟಿನದು. ಅವಳ ನೀಲಿಗೆ ಇದನ್ನ ಹಾಕ್ತಾರಾ?” ಇನ್ನೊಂದು ಸಲ ಬೇರೆ ತಂದೆ. ದೊಡ್ಡದಾಯಿತು ಎಂದ. ಮತ್ತೊಂದು ಸಲ ಸಣ್ಣದು ತಂದೆ. ಅದರ ಕಣ್ಣು ಎರಡೇ, ನಾಲ್ಕು ಕಣ್ಣಿನದು ಬೇಕು ಎಂದ. ನಾಲ್ಕು ಕಣ್ಣಿನದು ತಂದರೆ ಹೊಳಪು ಹೆಚ್ಚು.

“ನಿನ್ನ ಯೋಗ್ಯತೆಗೆ ಚಿನ್ನದ್ದು ಮಾಡಿಸ್ಬೇಕಾ?” ಎಂದು ಕೂಗಾಡಿದೆ.

“ಕೂಗ್ಬೇಡ. ಮುಂದಿನ ವಾರ ನೋಡಿ ತಗೊಂಡ್ಬಾ.”

ಟ್ರಂಕು ಬರಿದಾಗಿತ್ತು. ಪರದೆಯ ಸೂಜಿಗಳು ದಾರದೊಡನೆ ಹಾಗೇ ನಿಂತಿದ್ದವು, ಅವುಗಳಿಗೆ ಕೆಲಸವಿರಲಿಲ್ಲ. ಗುಂಡಿ ಸರಿಹೋದರೆ ನಾನು ಬರುವುದು ನಿಲ್ಲುತ್ತದೆ ಎಂದುಕೊಂಡಿದ್ದನೋ ಏನೋ. ನಿಲ್ಲುತ್ತಿರಲಿಲ್ಲ. ಅದನ್ನು ಹೇಳುವ ಬಾಯಿ ನನ್ನದಲ್ಲ, ಕೇಳುವ ಬಾಯಿ ಅವನದಲ್ಲ. ಆದ್ದರಿಂದ ನಾನು ಗುಂಡಿ ತರುತ್ತ ಹೋದೆ, ಅವನು ಬೇಡವೆನ್ನುತ್ತ ಹೋದ.

ಒಂದು ರಜೆಯ ದಿನ ಹೋದರೆ ಮೇಲೆ ಬೀಗವಿತ್ತು. ಸೈಕಲ್ ಅಂಗಡಿಯವನು ಟ್ಯೂಬು ಬಿಟ್ಟು ಎದ್ದು ಬಂದ. ಕಾಜಣ್ಣ ಮೂರು ದಿನದ ಹಿಂದೆ ಮೆಟ್ಟಿಲಲ್ಲಿ ಬಿದ್ದನಂತೆ. ನಾದಿನಿ ಬಂದು, ಆ ಮೀಸೆಯ ಹುಡುಗ ಎತ್ತಿಕೊಂಡು, ಕಾರಿನಲ್ಲಿ ಕರೆದೊಯ್ದರಂತೆ. ಅಂಗಡಿಯವನು ಒಂದು ಹಳೆಯ ಪತ್ರಿಕೆಯ ಪೊಟ್ಟಣ ಕೊಟ್ಟ. ಅದರ ಮೇಲೂ ಗ್ರೀಸಿನ ಬೆರಳಚ್ಚು ಇತ್ತು, ಒಳಗೆ ನನ್ನ ಕೌದಿ.

“ಕತ್ತರಿಗೆ ಕೊಡು ಅಂದ್ರು. ಕೆಲಸ ಬಾಕಿ ಇದೆ ಅಂತ ಹೇಳು ಅಂದ್ರು.”

ಅದಾದ ಮೇಲೆ ಫೋನಿನಲ್ಲಿ ಒಂದೇ ಸಲ ಮಾತಾಡಿದೆ. ನಾದಿನಿ ಅವನ ಕಿವಿಗೆ ಹಿಡಿದಳು. ಮಾತು ಮುದ್ದೆಯಾಗಿ ಬರುತ್ತಿತ್ತು. ಬಹಳ ಹೊತ್ತು ಉಸಿರು ಕೇಳಿಸಿತು. ಆಮೇಲೆ, “ಗುಂಡಿ?” ಎಂದ.

“ತರ್ತೀನೋ. ಈ ಸಲ ನಿನ್ನಪ್ಪನೂ ಬೇಡ ಅನ್ನಬಾರದು, ಅಂಥದ್ದು ತರ್ತೀನಿ.”

ಅವನು ನಕ್ಕ. ನಕ್ಕನೆಂದೇ ನಾದಿನಿ ಹೇಳಿದಳು.

ಅಂಥ ಗುಂಡಿ ಸಿಕ್ಕಿತು. ನಾಲ್ಕು ಕಣ್ಣು, ಮಂಕು ನೀಲಿ, ಕಾಜಾಕ್ಕೆ ಅಳೆದಂತೆ. ಹಳೆಯ ಮಾಲಿನ ಡಬ್ಬಿಯ ತಳದಲ್ಲಿ ಒಂದೇ ಒಂದಿತ್ತು. ರಜೆಗೆ ಇನ್ನೂ ಎರಡು ದಿನ ಇರುವಾಗ ಆ ಮೀಸೆಯ ಹುಡುಗನ ಫೋನು ಬಂತು. ನಾನು ಹೋದೆ. ಎಲ್ಲ ಮುಗಿದ ಮೇಲೆ ತಲುಪಿದೆ.

ಈಗ ಕೌದಿ ನನ್ನ ಮಂಚದ ಮೇಲಿದೆ. ಮೊಳಕಾಲಿನ ಕೆಳಗೆ ಬರುವುದಿಲ್ಲ, ಮಗ್ಗುಲಾದರೆ ಜಾರುತ್ತದೆ, ಎದ್ದು ನಾನೇ ಎಳೆದುಕೊಳ್ಳುತ್ತೇನೆ. ಅಂಗಡಿಯಲ್ಲಿ ಹುಡುಗರು ಕೇಳುತ್ತಾರೆ, ಒಂದು ಗುಂಡಿ ತಾನೇ ಮಾಸ್ಟರ್, ಕೊಡಿ ಎರಡು ನಿಮಿಷದಲ್ಲಿ ಹಾಕಿಕೊಡ್ತೀವಿ ಎಂದು. ಬೈದು ಕಳಿಸುತ್ತೇನೆ. ಕಾಜಾ ಮಾಡಿದ ಕೈಯೇ ಗುಂಡಿ ಹಾಕಬೇಕು. ತರುತ್ತೇನೆಂದು ಮಾತು ಕೊಟ್ಟವನು ನಾನು, ತಲುಪಿಸಲಿಲ್ಲ. ಗುಂಡಿ ನನ್ನ ಅಂಗಿಯ ಜೇಬಿನಲ್ಲೇ ಇದೆ. ಅಂಗಿ ಬದಲಾದಾಗ ಜೇಬು ಬದಲಾಗುತ್ತದೆ, ಬಾಕಿ ಬಾಕಿಯಾಗಿಯೇ ಇದೆ.